ಹೂ ಬಿಟ್ಟ ಫರ್ನ್

ನಮ್ಮ ಬಾಟನಿ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತು ಉಗುರುಗಳಿಗಿಂತ ಉದ್ದವಾಗಿತ್ತು. ತಾನಾಗಿ ಬೆಳೆದದ್ದಲ್ಲ, ಬೆಳೆಸಿದ್ದು. ಬೆರಳಿನ ತುದಿಯಿಂದ ಒಂದು ಜೋಳದ ಕಾಳಿನಷ್ಟು ಮುಂದೆ ಬಂದಿತ್ತು. ಅದರ ಅಂಚಿನಲ್ಲಿ ಸದಾ ಒಂದು ಹಸಿರು ಕಲೆ. ಪಿಯುಸಿ ಮೊದಲ ವರ್ಷ ನಾವು ಹುಡುಗಿಯರು ಆ ಕಲೆಯನ್ನು ಕಂಡು, ದಿನವಿಡೀ ಗಿಡದ ಜೊತೆ ಬದುಕುವ ಮನುಷ್ಯ ನೋಡೇ ಎಂದು ಮಾತಾಡಿಕೊಂಡಿದ್ದೆವು. ಎಂಥ ಭಕ್ತಿ ನಮ್ಮದು! ಆ ಉಗುರು ಯಾವ ಕೆಲಸಕ್ಕೆ ಬೆಳೆದಿತ್ತು ಎಂಬುದು ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಅವರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಬಂದ ಗಳಿಗೆಯಿಂದ ಕೈಮುಗಿದ ಚಿತ್ರಗಳ ಸುರಿಮಳೆ. ಜ್ಞಾನದ ದೀಪ ನಂದಿತು ಎಂದು ಒಬ್ಬ, ನಮ್ಮನ್ನು ತಿದ್ದಿದ ಶಿಲ್ಪಿ ಎಂದು ಇನ್ನೊಬ್ಬಳು. ಈಕೆ ಎರಡು ವರ್ಷ ಅವರ ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಸ್ವೆಟರ್ ಹೆಣೆದವಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ನಾನು ಕೈಮುಗಿದ ಚಿತ್ರ ಹಾಕಲಿಲ್ಲ. ಹಾಕದೆ ಇದ್ದದ್ದಕ್ಕೆ ಒಳಗೆ ಏನೋ ಕಡಿಯುತ್ತಿದೆ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸರ್ ಸುರಪುರದವರು, ದಿನಾ ಬಸ್ಸಿನಲ್ಲಿ ಶಹಾಪುರದ ನಮ್ಮ ಕಾಲೇಜಿಗೆ ಬರುತ್ತಿದ್ದರು. ಇಸ್ತ್ರಿ ಮುರಿಯದ ಸಫಾರಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕಂಕುಳಲ್ಲಿ ದಿನಪತ್ರಿಕೆಯ ಹಾಳೆ ಸುತ್ತಿದ ಒಂದು ಪುಸ್ತಕ. ಆ ಸುತ್ತಿದ ಹಾಳೆಯ ಒಳಗಿದ್ದದ್ದು ಯಾವುದೋ ದೊಡ್ಡ ಗ್ರಂಥವಲ್ಲ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ಗೈಡು. ನಮ್ಮ ಹತ್ತಿರವೂ ಅದೇ ಗೈಡು ಇತ್ತು. ಅವರು ಓದುವ ಸಾಲಿಗೆ ನಾವು ಬೆರಳಿಟ್ಟುಕೊಂಡು ಕೂಡುತ್ತಿದ್ದೆವು. ಅವರು ಪುಟ ತಿರುವಿದಾಗ ಐವತ್ತು ಪುಟಗಳು ಒಟ್ಟಿಗೆ ತಿರುಗುತ್ತಿದ್ದವು, ಆ ಸಪ್ಪಳ ಅವರಿಗೆ ಒಂದು ದಿನವೂ ಕೇಳಿಸಲಿಲ್ಲ. ಒಂದು ದಿನವೂ ರಜೆ ಹಾಕದ ಮನುಷ್ಯ. ಮಳೆ ಬರಲಿ, ಬಸ್ ನಿಲ್ಲಲಿ, ಯಾರದ್ದಾದರೂ ಗಾಡಿ ಹತ್ತಿ ಬಂದೇ ಬರುತ್ತಿದ್ದರು. ಅಷ್ಟು ಕಷ್ಟಪಟ್ಟು ಬಂದು ತಪ್ಪು ಕಲಿಸುವುದಕ್ಕಿಂತ ನಾಲ್ಕು ದಿನ ಮನೆಯಲ್ಲೇ ಮಲಗಿದ್ದರೆ ನಮಗೂ ಗಿಡಗಳಿಗೂ ಉಪಕಾರವಾಗುತ್ತಿತ್ತು.

ಕ್ಲಾಸಿನ ಮೊದಲ ದಿನ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ. "ಯಾವ ಊರು? ಯಾವ ಓಣ್ಯಾಗ ಇರ್ತಿ? ಅಪ್ಪ ಏನ್ ಮಾಡ್ತಾನ?" ನಮ್ಮ ಕಡೆ ಓಣಿ ಕೇಳಿದರೆ ಮಿಕ್ಕದ್ದೆಲ್ಲ ಕೇಳಿದ ಹಾಗೆ. ಉತ್ತರ ಕೇಳಿಕೊಂಡು ಬೆಂಚು ಹಂಚುತ್ತಿದ್ದರು. ಮುಂದಿನ ಮೂರು ಸಾಲಿಗೆ ಅವರು ಇಟ್ಟ ಹೆಸರು ಸಪುಷ್ಪ. ಹಿಂದಿನ ಸಾಲುಗಳಿಗೆ ಅಪುಷ್ಪ. ಹೂ ಬಿಡುವವು, ಹೂ ಬಿಡದವು. ಹಾಗೆ ಹೇಳಿ ತಾವೇ ನಗುತ್ತಿದ್ದರು, ಮುಂದಿನ ಮೂರು ಸಾಲು ಜೊತೆಗೂಡಿ ನಗುತ್ತಿತ್ತು. ನಾನು ಭೀಮರಾಯನಗುಡಿ ಕಾಲುವೆ ಕ್ಯಾಂಪಿನ ಹಿಂದಿನ ಓಣಿಯವಳು. ಅಪ್ಪ ಇಲ್ಲ. ಅವ್ವ ನರ್ಸರಿಯಲ್ಲಿ ದಿನಗೂಲಿ, ಸಸಿಗೆ ಮಣ್ಣು ತುಂಬುವ ಕೆಲಸ. ನಾನು ಕೊನೆಯ ಸಾಲಿನ ಗೋಡೆ ಮಗ್ಗುಲಿಗೆ ಹೋಗಿ ಕುಳಿತೆ.

ಅವರ ಇನ್ನೊಂದು ಮಾತು, ಎರಡು ವರ್ಷದಲ್ಲಿ ಸಾವಿರ ಸಲ ಕೇಳಿದ್ದು: "ನೋಡಿದ್ದು ಬರೀಬ್ಯಾಡ್ರಿ. ಹೇಳಿದ್ದು ಬರೀರಿ. ಖಲಾಸ್." ಬಾಟನಿ ಕಲಿಸುವ ಮನುಷ್ಯನ ಬಾಯಲ್ಲಿ ಈ ಮಾತು! ಅಡಿಗೆಯವನು ರುಚಿ ನೋಡಬೇಡಿ ಎಂದ ಹಾಗೆ.

ಒಂದು ವಿಷಯದಲ್ಲಿ ಅವರನ್ನು ತೆಗಳಲಾರೆ. ಬೋರ್ಡಿನ ಮೇಲೆ ಅವರು ಬರೆಯುತ್ತಿದ್ದ ಚಿತ್ರ. ನಡುವೆ ಒಂದು ಗೆರೆ ಎಳೆದು ಎಡಕ್ಕೆ ದಾಸವಾಳ, ಬಲಕ್ಕೆ ಫರ್ನ್. ದಾಸವಾಳದ ಐದು ಎಸಳು, ನಡುವಿನ ಕೇಸರದ ಕಂಬ, ಎಲ್ಲ ಒಂದೇ ಉಸಿರಿನಲ್ಲಿ. ಫರ್ನಿನ ಎಳೆ ಎಲೆ ಸುರುಳಿ ಸುತ್ತಿಕೊಂಡು ಬಿಚ್ಚುವ ಚಂದ, ಎಲೆಯ ಅಡಿಯಲ್ಲಿ ಸಾಲಾಗಿ ಕೂತ ಕಂದು ಚುಕ್ಕೆಗಳು. ಕೆಳಗೆ ಎರಡು ಪಟ್ಟಿ. ದಾಸವಾಳ: ಸಪುಷ್ಪ ಸಸ್ಯ, ಹೂ ಇದೆ, ಬೀಜ ಇದೆ, ಆವಾಸ ಹಿತ್ತಲು ಹೊಲ ಎಲ್ಲೆಡೆ. ಫರ್ನ್: ಅಪುಷ್ಪ ಸಸ್ಯ, ಹೂ ಇಲ್ಲ, ಬೀಜ ಇಲ್ಲ, ಬೀಜಕಗಳಿಂದ ವಂಶ ಬೆಳೆಯುತ್ತದೆ, ಆವಾಸ ತಂಪು ತೇವ ನೆರಳು. ಚಿತ್ರ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಕಿಟಕಿಯಾಚೆ ಕೈ ತೋರಿಸುತ್ತಿದ್ದರು. "ನಿಜವಾದ ಫರ್ನ್ ನೋಡೋದಿತ್ತಂದ್ರ ಪ್ರಿನ್ಸಿಪಾಲರ ಪಡಸಾಲ್ಯಾಗ ಕುಂಡದಾಗ ಅದ. ನೋಡ್ರಿ, ಮುಟ್ಟಬ್ಯಾಡ್ರಿ."

ಆ ಕುಂಡ ನಮ್ಮ ಕಾಲೇಜಿನ ಮರ್ಯಾದೆ. ಕಲ್ಲಿನ ಊರು ನಮ್ಮದು. ಬೇಸಿಗೆಯಲ್ಲಿ ಬಂಡೆಗೆ ರೊಟ್ಟಿ ಹಚ್ಚಿದರೆ ಬೇಯುತ್ತದೆ. ಅಂಥ ಊರಲ್ಲಿ ಒಂದು ಫರ್ನ್ ಇದೆ ಎಂದರೆ ಯಾದಗಿರಿಯಿಂದ ಬಂದ ಸಾಹೇಬರಿಗೂ ತೋರಿಸುತ್ತಿದ್ದರು. ಜೋತಾಡುವ ಹಸಿರು ಕಡ್ಡಿಗಳು, ಸೂಜಿಯಂಥ ಎಲೆ. ಪಡಸಾಲೆಯಲ್ಲಿ ಮಧ್ಯಾಹ್ನದ ತನಕ ಬಿಸಿಲು ಹೊಡೆಯುತ್ತಿತ್ತು. ತಂಪು ಬೇಕು ನೆರಳು ಬೇಕು ಎಂದು ಪಟ್ಟಿಯಲ್ಲಿ ಬರೆಸಿಕೊಂಡ ಗಿಡ ಆ ಬಿಸಿಲಲ್ಲಿ ಖುಷಿಯಾಗಿ ಹಬ್ಬಿಕೊಂಡಿತ್ತು. ಬೋರ್ಡಿನ ಮೇಲಿನ ಫರ್ನಿಗೂ ಕುಂಡದ ಫರ್ನಿಗೂ ತಾಳೆಯೇ ಇಲ್ಲ. ಸುರುಳಿ ಎಲೆ ಇಲ್ಲ, ಕಂದು ಚುಕ್ಕೆ ಇಲ್ಲ. ಒಮ್ಮೆ ಅದರ ಹತ್ತಿರ ಬಗ್ಗಿದಾಗ ದುಪಟ್ಟಾ ಸಿಕ್ಕಿಕೊಂಡಿತು, ಬಿಡಿಸಿದರೆ ಕಡ್ಡಿಯಲ್ಲಿ ಸಣ್ಣ ಮುಳ್ಳು. ಫರ್ನಿಗೆ ಮುಳ್ಳು ಇರುತ್ತದೆ ಎಂದು ಗೈಡಿನಲ್ಲಿ ಇರಲಿಲ್ಲ. ನೋಡಿದ್ದು ಬರೀಬಾರದಲ್ಲ, ನಾನೂ ಬಾಯಿ ಮುಚ್ಚಿಕೊಂಡೆ.

ಎರಡನೆಯ ವರ್ಷ, ಮಳೆಗಾಲ ಮುಗಿಯುತ್ತಿದ್ದ ದಿನಗಳು. ಕ್ಯಾಂಪಿನ ಮೊದಲ ಬಸ್ಸಿಗೆ ಬಂದದ್ದರಿಂದ ಕಾಲೇಜಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಪಡಸಾಲೆಯ ಮೂಲೆಗೆ ಬಂದವಳು ಹಾಗೇ ನಿಂತೆ. ಬಾಟನಿ ಸರ್ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸಫಾರಿ ಮುದುರೀತು ಎಂದು ಕುರ್ಚಿಯಲ್ಲೂ ನೆಟ್ಟಗೆ ಕೂಡುವ ಮನುಷ್ಯ. ಒಂದೊಂದೇ ಕಡ್ಡಿ ಎತ್ತಿ, ಆ ಹೆಬ್ಬೆರಳಿನ ಉಗುರಿನಿಂದ ಏನನ್ನೋ ಚಿವುಟಿ ಚಿವುಟಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರು ಎದ್ದು ಹೋದ ಮೇಲೆ ನಾನು ಹೋಗಿ ನೋಡಿದೆ. ಅವರ ಕಣ್ಣು ತಪ್ಪಿಸಿ ಒಂದು ಕಡ್ಡಿಯ ಅಡಿಯಲ್ಲಿ ಉಳಿದಿದ್ದವು: ನುಚ್ಚಿನಷ್ಟು ಸಣ್ಣ ಬಿಳಿ ಹೂಗಳು. ಆರು ಎಸಳು. ಮೂಸಿದರೆ ವಾಸನೆಯೂ ಇತ್ತು.

ಆ ಕಡ್ಡಿಯನ್ನು ಮುರಿದು ರೆಕಾರ್ಡ್ ಬುಕ್ಕಿನಲ್ಲಿಟ್ಟು ಸಂಜೆ ಅವ್ವನಿಗೆ ತೋರಿಸಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಹಿಡಿದು ನೋಡಿದಳು.

"ಇದು ನಮ್ಮ ನರ್ಸರ್‍ಯಾಗೂ ಅದ. ಏನಾತು ಇದಕ್ಕ?"

"ಇದಕ್ಕ ಹೂ ಬಿಡಂಗಿಲ್ಲ ಅಂತ ಯವ್ವ. ಅಪುಷ್ಪ ಅಂತ."

"ಯಾರಂದ್ರು?"

"ನಮ್ಮ ಸರ್."

ಅವ್ವ ಬಡಿಯುವುದನ್ನು ನಿಲ್ಲಿಸಿದಳು. "ಇದಕ್ಕ ಪಗಾರ ಕೊಡ್ತಾರೇನು ಅವರಿಗಿ? ಇದರ ಅಕ್ಕಗ ಏನಂತಾರ ಗೊತ್ತದೇನು ನಿನಗ? ಹಲವು ಮಕ್ಕಳ ತಾಯಿ ಅಂತಾರ. ಬೇರು ಕಿತ್ರ ಗೊಂಚಲ ಗೊಂಚಲ ಗಡ್ಡಿ. ಬಾಣಂತೇರಿಗಿ ಹಾಲು ಬರ್ಲಿ ಅಂತ ತೇದು ಕುಡಿಸ್ತಾರ. ನೀ ಹುಟ್ಟಿದಾಗ ನಾನೂ ಕುಡದೀನಿ. ಅಂಥಾದರ ತಂಗೀಗಿ ಬಂಜಿ ಅಂತಾನಲ್ಲ ನಿಮ್ಮ ಸರ, ನಾಲಗಿ ಹೆಂಗ ಬಂತು?"

ಶತಾವರಿಯ ಜಾತಿ ಅದು. ಪೇಟೆಯವರು ಚಂದಕ್ಕೆ ಫರ್ನ್ ಎಂದು ಕರೆದರು, ಹೆಸರು ಕೇಳಿ ಸರ್ ಫರ್ನ್ ಎಂದು ನಂಬಿದರು. ಮೊದಲ ವರ್ಷ ನಂಬಿದ್ದು ಅಜ್ಞಾನ. ಅಜ್ಞಾನಕ್ಕೆ ಬಯ್ಯಬಾರದು, ನನಗೂ ಬೇಕಾದಷ್ಟಿದೆ. ಆದರೆ ಹೂ ಕಂಡ ದಿನ ಈ ಮನುಷ್ಯ ಏನು ಮಾಡಬೇಕಿತ್ತು? ಬೋರ್ಡ್ ಒರೆಸಬೇಕಿತ್ತು. ಬೋರ್ಡ್ ಒರೆಸುವ ಬದಲು ಉಗುರು ಬೆಳೆಸಿದರು. ಥೂ!

ಮರುದಿನ ನಾನು ಸುಮ್ಮನಿರಲಿಲ್ಲ. ಹುಚ್ಚು ಧೈರ್ಯ. ಕಡ್ಡಿ ಹಿಡಿದು ಕೊನೆಯ ಸಾಲಿನಲ್ಲಿ ಎದ್ದು ನಿಂತೆ. ಇನ್ನೊಂದು ಕೈಯಲ್ಲಿ ನಮ್ಮ ಗುಡ್ಡದ ಬಂಡೆಯ ಸಂದಿಯಿಂದ ಕಿತ್ತು ತಂದದ್ದು, ಅವ್ವ ನವಿಲಜುಟ್ಟು ಎಂದು ಕರೆಯುವ ಗಿಡ. ಗೇಣುದ್ದವೂ ಇಲ್ಲ, ಬೀಸಣಿಗೆಯ ಹಾಗೆ ಬಿಚ್ಚಿದ ಎಲೆ. ಬೇಸಿಗೆಯಲ್ಲಿ ಒಣಗಿ ಮುದುರಿ ಸತ್ತ ಹಾಗೆ ಇರುತ್ತದೆ, ಎರಡು ಮಳೆ ಬಿದ್ದರೆ ಅದೇ ಎಲೆ ಮತ್ತೆ ಹಸಿರಾಗುತ್ತದೆ. ಎಲೆಯ ಅಡಿಯಲ್ಲಿ, ಸರ್ ಬರೆದ ಚುಕ್ಕೆಗಳ ಹಾಗೇ, ಸಾಲುಗಟ್ಟಿದ ಕಂದು ಬೀಜಕಗಳು.

"ಸರ, ಕುಂಡದಾಗಿಂದಕ್ಕ ಹೂ ಬಿಟ್ಟದರಿ. ಮುಳ್ಳೂ ಅದಾವರಿ. ಗುಡ್ಡದಾಗಿನ ಇದಕ್ಕ ಹೂ ಇಲ್ಲರಿ, ಬೀಜಕ ಅದಾವರಿ. ಅಂದ್ರ ಇದು ಫರ್ನ್ ಆಗ್ಬೇಕಲ್ಲರಿ?"

ಸರ್ ನಿಧಾನಕ್ಕೆ ಕೊನೆಯ ಸಾಲಿಗೆ ಬಂದರು. ಹೂವಿನ ಕಡ್ಡಿಯನ್ನು ನೋಡಲೇ ಇಲ್ಲ. ನವಿಲಜುಟ್ಟನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯಾಚೆ ಬಿಸಾಕಿದರು.

"ಅದು ಹುಲ್ಲು. ಫರ್ನ್ ಅಂದ್ರ ತಂಪಿನ್ಯಾಗ ಇರ್ತದ, ನೆರಳಿನ್ಯಾಗ ಇರ್ತದ. ನಮ್ಮ ಬಿಸಲಿಗಿ, ಈ ಕಲ್ಲಾಗ ಫರ್ನ್ ಬರ್ತದೇನು? ಗೈಡಿನ್ಯಾಗ ಅದ ಏನು?" ಆಮೇಲೆ ಮುಂದಿನ ಸಾಲುಗಳ ಕಡೆ ತಿರುಗಿದರು. "ಅಪುಷ್ಪಕ್ಕ ಹೂ ಬಿಡೋ ಆಸಿ ನೋಡ್ರಿ."

ಮುಂದಿನ ಮೂರು ಸಾಲು ನಕ್ಕಿತು. ನಾನು ಕೂತೆ. ಹೂವಿನ ಕಡ್ಡಿ ಮುಷ್ಟಿಯಲ್ಲೇ ಇತ್ತು, ಮುಳ್ಳು ಚುಚ್ಚಿದ್ದು ಸಂಜೆ ಕೈ ತೊಳೆಯುವಾಗ ಗೊತ್ತಾಯಿತು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇವತ್ತು ಎದೆ ಎತ್ತಿ ಅವರನ್ನು ಬಯ್ಯಬಹುದಿತ್ತು. ಮುಗಿಯಲಿಲ್ಲ, ಪ್ರಾಕ್ಟಿಕಲ್ ಪರೀಕ್ಷೆ ಬಂತು.

ಅವ್ವನಿಗೆ ಒಂದೇ ಆಸೆಯಿತ್ತು. ನರ್ಸರಿಗೆ ಹೋಗುವ ದಾರಿಯಲ್ಲಿ ಕೃಷಿ ಕಾಲೇಜಿನ ಗೇಟು. ದಿನಾ ಅದರ ಮುಂದೆ ಸಸಿಯ ಬುಟ್ಟಿ ಹೊತ್ತು ಹಾಯುತ್ತಿದ್ದಳು. ಒಳಗೆ ಹೋದರೂ ಸಸಿ ಇಳಿಸಿ ಹೊರಗೆ ಬರುವುದಕ್ಕೆ. ಮಗಳು ಆ ಗೇಟಿನಲ್ಲಿ ಪುಸ್ತಕ ಹಿಡಿದು ಹೋಗಬೇಕು ಎನ್ನುತ್ತಿದ್ದಳು. ಸೀಟು ಸಿಗಬೇಕಾದರೆ ಒಂದೊಂದು ಅಂಕವೂ ಬೇಕಿತ್ತು. ಪ್ರಾಕ್ಟಿಕಲ್ ಅಂಕ ಬಾಟನಿ ಸರ್ ಕೈಯಲ್ಲಿ, ಮತ್ತು ಹೊರಗಿನಿಂದ ಬರುವ ಪರೀಕ್ಷಕರ ಕೈಯಲ್ಲಿ. ಸೀಟು ತಪ್ಪಿದರೆ ನನಗೂ ಒಂದು ಬುಟ್ಟಿ ಕಾದಿತ್ತು.

ಪರೀಕ್ಷೆಯ ಹಿಂದಿನ ದಿನ ಸರ್ ನನ್ನನ್ನು ಲ್ಯಾಬಿಗೆ ಕರೆದರು. ಮೊದಲ ಸಲ ನನ್ನನ್ನು ತಂಗಿ ಎಂದರು.

"ತಂಗಿ, ನಾಳೆ ಸ್ಪಾಟಿಂಗಿಗಿ ದಾಸವಾಳ ಮತ್ತ ಆ ಕುಂಡ ಇಡಾಕತ್ತೇನಿ. ಎರಡರ ಹೋಲಿಕಿ ಬರೀಬೇಕು. ವರ್ಗೀಕರಣ, ಆವಾಸ. ನೀ ಏನ್ ಬರೀತಿ?"

ನಾನು ಅವರ ಹೆಬ್ಬೆರಳಿನ ಉಗುರನ್ನೇ ನೋಡಿದೆ.

"ಹೊರಗಿನವ್ರು ಬರ್ತಾರ. ನೀ ಒಬ್ಬಾಕಿ ಅದು ಫರ್ನ್ ಅಲ್ಲ ಅಂತ ಬರದಿ ಅಂದ್ರ, ಅವರು ಬಗ್ಗಿ ನೋಡ್ತಾರ."

"ನಿಮಗ ಗೊತ್ತದ ಏನ್ರಿ ಸರ?"

ಅವರು ಕಿಟಕಿಯ ಕಡೆ ನೋಡಿದರು. ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದರು. "ಹದಿನೆಂಟು ವರ್ಷ ಕಲಿಸೇನಿ. ಎಷ್ಟು ಮಂದಿ ಹುಡುಗ್ರು! ಅವರೆಲ್ಲ ಫರ್ನ್ ಅಂತ ಬರದು ಪಾಸಾಗಿ ಹೋಗ್ಯಾರ. ಒಬ್ಬಾಂವ ಡಾಕ್ಟರ್ ಆಗ್ಯಾನ. ಈಗ ನಾ ಸುಳ್ಳು ಕಲಿಸೀನಿ ಅಂತ ಹೇಳ್ಲೇನು? ಹೇಳಿದ್ದು ಬರಿ ತಂಗಿ. ಪೂರಾ ಅಂಕ ಕೊಡ್ತೀನಿ. ಖಲಾಸ್."

ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಹೇಸಿಗೆ ಇವತ್ತಿಗೂ ಹಾಗೇ ಇದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಯ ಸಾಲಿನ ಹುಡುಗಿಯ ಮುಂದೆ ನಿಂತು ಬೇಡುತ್ತಿದ್ದರು, ಅದೂ ತಮ್ಮ ಸಫಾರಿಯ ಇಸ್ತ್ರಿ ಉಳಿಯಲಿ ಎಂದು. ಮನೆಗೆ ಹೋಗಿ ಅವ್ವನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಏನನ್ನುತ್ತಿದ್ದಳು ಎಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಪರೀಕ್ಷೆಯ ದಿನ ಉದ್ದ ಮೇಜಿನ ಮೇಲೆ ಚೀಟಿ ಅಂಟಿಸಿದ ಸ್ಪಾಟರುಗಳು, ನೋಡಿ ಗುರುತಿಸಬೇಕಾದ ಮಾದರಿಗಳು. ಗಂಟೆ ಹೊಡೆದಾಗ ಒಂದೊಂದೇ ಮುಂದಕ್ಕೆ ಸರಿಯಬೇಕು. ಐದನೆಯದು ದಾಸವಾಳದ ಟೊಂಗೆ, ಆರನೆಯದು ಕುಂಡ. ಸರ್ ಬೆಳಿಗ್ಗೆಯೇ ಬಂದು ಉಗುರಿನ ಕೆಲಸ ಮುಗಿಸಿದ್ದರು, ಹಸಿರು ಕಲೆ ಇನ್ನೂ ಹಸಿಯಾಗಿತ್ತು. ನಾನು ಆರನೆಯದರ ಮುಂದೆ ಬಂದೆ. ಬಂದು ನೋಡಿದರೆ, ನನ್ನ ಕಡೆಗೆ ಜೋತ ಕಡ್ಡಿಯ ಅಡಿಯಲ್ಲಿ ಒಂದು ಹೂ. ಒಂದೇ ಒಂದು, ಪೂರ್ತಿ ಅರಳಿದ್ದು. ಅವರ ಕೈಗೆ ಸಿಗದೆ ಉಳಿದಿತ್ತು.

ಹೊರಗಿನ ಪರೀಕ್ಷಕರು ಮೂರು ಹೆಜ್ಜೆ ದೂರದಲ್ಲಿದ್ದರು. ಕನ್ನಡಕ ಏರಿಸಿಕೊಳ್ಳುತ್ತ ನನ್ನ ಕಡೆಗೇ ಬರುತ್ತಿದ್ದರು. ಮೇಜಿನ ಆ ತುದಿಯಲ್ಲಿ ನಿಂತ ಬಾಟನಿ ಸರ್ ಹೂವನ್ನು ಆಗಲೇ ನೋಡಿದ್ದರು. ಅವರ ಮುಖದಲ್ಲಿ ರಕ್ತ ಇರಲಿಲ್ಲ. ನಾನು ಒಂದು ಮಾತೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಹದಿನೆಂಟು ವರ್ಷದ ಸುಳ್ಳನ್ನು ಆ ನುಚ್ಚಿನಷ್ಟು ಹೂವೇ ಹೇಳಿಬಿಡುತ್ತಿತ್ತು.

ನಾನು ಕೈ ಚಾಚಿ ಹೂವನ್ನು ಚಿವುಟಿದೆ. ಚಿವುಟಿ ಮುಷ್ಟಿಯಲ್ಲಿ ಇಟ್ಟುಕೊಂಡೆ.

"ಏನಿದು?" ಎಂದು ಪರೀಕ್ಷಕರು ಕೇಳಿದರು.

"ಫರ್ನ್ ರಿ ಸರ. ಅಪುಷ್ಪ ಸಸ್ಯರಿ. ಆವಾಸ ತಂಪು, ತೇವ, ನೆರಳುರಿ."

"ಗುಡ್" ಎಂದು ಮುಂದೆ ಹೋದರು.

ಲ್ಯಾಬಿನ ಬಾಗಿಲಲ್ಲಿ ಬಾಟನಿ ಸರ್ ನನ್ನ ಮಗ್ಗುಲಿಗೆ ಹಾಯ್ದರು. ಮುಖ ನೋಡದೆ, ಮೆಲ್ಲಗೆ, "ಶಾಣ್ಯಾಕಿ ಆದಿ" ಎಂದರು. ಹೊರಗೆ ನಲ್ಲಿಯಲ್ಲಿ ಕೈ ತೊಳೆದೆ. ನನ್ನ ಹೆಬ್ಬೆರಳಿನ ಉಗುರಿನ ಅಂಚಿಗೆ ಹಸಿರು ಹತ್ತಿತ್ತು.

ಪೂರಾ ಅಂಕ ಬಂತು. ಸೀಟು ಸಿಕ್ಕಿತು. ಅವ್ವ ಆ ಗೇಟಿನ ಮುಂದೆ ಬುಟ್ಟಿ ಇಳಿಸಿ, ನಾನು ಒಳಗೆ ಹೋಗುವುದನ್ನು ನಿಂತು ನೋಡಿದಳು. ಈಗ ನಾನು ಕೆಂಭಾವಿಯಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದೇನೆ. ಸಂತೆಯ ದಿನ ರೈತರು ರೋಗ ಬಂದ ಎಲೆ, ಹೊಲದಲ್ಲಿ ಎದ್ದ ಹೆಸರು ಗೊತ್ತಿಲ್ಲದ ಕಸದ ಗಿಡ ಹಿಡಿದುಕೊಂಡು ಬರುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. "ಮೇಡಂಗ ಏನೂ ತಿಳ್ಯಂಗಿಲ್ಲ" ಎಂದು ಬಯ್ದುಕೊಂಡು ಹೋಗುವವರೂ ಇದ್ದಾರೆ. ಹೋಗಲಿ. ಅವರು ಮರಳಿ ಬರುವಷ್ಟರಲ್ಲಿ ನಾನು ಆ ಕಸವನ್ನು ಕುಂಡಕ್ಕೆ ಹಚ್ಚಿ, ಹೂ ಬಿಡುವ ತನಕ ಕಾದು, ನೋಡಿರುತ್ತೇನೆ. ನೋಡಿದ್ದನ್ನೇ ಬರೆಯುತ್ತೇನೆ. ಇದು ಅವರಿಂದ ಕಲಿತ ಪಾಠ. ಅವರು ಕಲಿಸಿದ್ದಲ್ಲ.

ಸರ್ ತೀರಿಕೊಂಡ ದಿನ ನಾನು ಹೋಗಲಿಲ್ಲ. ಹತ್ತು ದಿನ ಬಿಟ್ಟು, ಸುರಪುರಕ್ಕೆ ಕಚೇರಿಯ ಕೆಲಸವಿದ್ದಾಗ, ಕಾಲು ಅತ್ತ ಎಳೆಯಿತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅದೇ ಗಿಡ, ಹಳೆಯದಕ್ಕಿಂತ ಎರಡರಷ್ಟು ದೊಡ್ಡ ಕುಂಡ. ಜೋತ ಕಡ್ಡಿಗಳ ತುಂಬ ಬಿಳಿ ಹೂ. ನಡುನಡುವೆ ಕೆಂಪು ಹಣ್ಣು. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಸರ್ ಅವರ ಹೆಂಡತಿ ಒಳಗಿನಿಂದ ನೀರಿನ ತಂಬಿಗೆ ತಂದರು. ನಾನು ಗಿಡದ ಮುಂದೆಯೇ ನಿಂತದ್ದು ನೋಡಿ ಹೇಳಿದರು. "ರಿಟೈರ್ ಆದ ದಿನ ಕಾಲೇಜಿನಿಂದ ಗಡ್ಡಿ ತಂದು ಹಚ್ಚಿದ್ರಿ. ಮಂದಿ ಮಾಲಿ ತಂದ್ರ, ಶಾಲು ತಂದ್ರ, ಇವರು ಇದನ್ನ ತಂದ್ರು. ಆವತ್ತೇ ಆ ಉದ್ದನ್ನ ಉಗರು ತಗದುಬಿಟ್ರು. ನಾ ಎಷ್ಟು ವರ್ಷ ಬಡಕೊಂಡಿದ್ದೆ, ಕೇಳಿದ್ದಿಲ್ಲ. ಮೊಮ್ಮಕ್ಕಳು ಈ ಹೂ ಹರದ್ರ ಹೊಡ್ಯಾಕ ಹೋಗ್ತಿದ್ರು ನೋಡ್ರಿ."

ನಾನು ನೀರು ಕುಡಿದೆ.

"ಒಬ್ಬಾಕಿ ಹುಡುಗಿ ಇದ್ದಳಂತ್ರಿ ಅವರ ಕ್ಲಾಸಿನ್ಯಾಗ, ಹಿಂದಿನ ಬೆಂಚಿನ್ಯಾಕಿ. ಇದು ಹೂ ಬಿಡೋ ಗಿಡ ಅಂತ ಎಲ್ಲಾರ ಮುಂದ ಎದ್ದು ನಿಂತು ಹೇಳಿದ್ಳಂತ. ಕಡೀ ಕಡೀಗಿ ಆಕೀನ ನೆನಸ್ತಿದ್ರು." ಅವರು ನನ್ನ ಮುಖ ನೋಡಿದರು. "ನೀವ ಏನ್ರಿ ಆಕಿ?"

ತಂಬಿಗೆ ಕೆಳಗಿಟ್ಟೆ. ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡದ್ದು ನನಗೇ ಗೊತ್ತಾಗಲಿಲ್ಲ.

"ಅಲ್ರಿ ಅಮ್ಮಾರ" ಎಂದೆ. "ನಾ ಆ ಹೂ ಕಿತ್ತಾಕಿ."